ನೋವಿಲ್ಲದ ಅಂಗಕ್ಕೊಂದು ಲೆಕ್ಕದ ವಹಿ

ಐಜ ಗಡಿಯ ಊರು. ನಮ್ಮ ಮನೆಯ ಮಾತು ಕನ್ನಡ, ಪೇಟೆಯ ಮಾತು ತೆಲುಗು, ಆಸ್ಪತ್ರೆಯ ಕಾಗದದ ಮಾತು ಇಂಗ್ಲಿಷ್. ಈ ಮೂರೂ ಕೂಡುವುದು ನಮ್ಮ ಮನೆಯ ಒಂದು ವಹಿಯಲ್ಲಿ. ನಮ್ಮ ಹಿರಿಯಕ್ಕ ತನ್ನದೊಂದು ಮೂತ್ರಪಿಂಡವನ್ನು ಕಿರಿಯ ತಮ್ಮನಿಗೆ ಕೊಟ್ಟಂದಿನಿಂದ ಆ ವಹಿಯನ್ನು ಬರೆದಿಡುತ್ತಿದ್ದೇವೆ.

ಶಸ್ತ್ರಚಿಕಿತ್ಸೆ ಮುಗಿದರೆ ಕಷ್ಟ ಮುಗಿಯಿತೆಂದು ನೆಂಟರೆಲ್ಲ ಭಾವಿಸಿದ್ದರು. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯಲ್ಲಿ ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳು. ಆ ದೇಹಕ್ಕೆ ಬಂದ ಅಂಗ ಪರಕೀಯವೆನಿಸಲಿಲ್ಲ. ಉಳಿದವರಿಗೆ ಆ ಭಾಗ್ಯವಿಲ್ಲ. ಒಡಹುಟ್ಟಿದ ಅಕ್ಕನದಾದರೂ ತಮ್ಮನ ದೇಹ ಅದನ್ನು ಹೊರಗಿನದೆಂದೇ ಎಣಿಸುತ್ತದೆ. ಆದ್ದರಿಂದ ಜೀವನಪರ್ಯಂತ ಔಷಧಿ. ಅದರಲ್ಲಿ ಮುಖ್ಯವಾದ ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತದ್ದು. ಅದು ಕಡಿಮೆಯಾದರೆ ದೇಹ ಅಂಗವನ್ನು ತಿರಸ್ಕರಿಸುತ್ತದೆ. ಹೆಚ್ಚಾದರೆ ಸೋಂಕಿಗೆ ದಾರಿಯಾಗುತ್ತದೆ, ಮೂತ್ರಪಿಂಡಕ್ಕೇ ಹಾನಿಯಾಗುತ್ತದೆ.

ಆ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಅಳೆಯುವ ದಿನ ತಮ್ಮ ಬೆಳಗಿನ ಗುಳಿಗೆಯನ್ನು ನುಂಗದೆ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾನೆ. ರಾತ್ರಿಯ ಗುಳಿಗೆಗೆ 12 ಗಂಟೆ ತುಂಬುವ ಹೊತ್ತಿಗೆ ರಕ್ತ ಕೊಟ್ಟು, ಅನಂತರ ನುಂಗುತ್ತಾನೆ. ಮೊದಲೇ ನುಂಗಿದರೆ ಅಂಕಿ ಸುಳ್ಳಾಗುತ್ತದೆ. ಆರಂಭದಲ್ಲಿ ವಾರಕ್ಕೆರಡು ಸಲ ಇದ್ದ ಪರೀಕ್ಷೆ ಕ್ರಮೇಣ ತಿಂಗಳಿಗೊಮ್ಮೆ ಆಯಿತು. ರಕ್ತದೊತ್ತಡ, ತೂಕ, ಮೂತ್ರದಲ್ಲಿ ಹೋಗುವ ಪ್ರೋಟೀನ್, ಕ್ರಿಯಾಟಿನಿನ್ ಎಲ್ಲವೂ ವಹಿಗೆ ಏರುತ್ತವೆ.

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುವ ಕಸ. ಅದು ರಕ್ತದಲ್ಲಿ ಏರಿದರೆ ಸೋಸುವ ಕೆಲಸ ಕುಗ್ಗಿದೆ ಎಂದು ಶಂಕಿಸಬೇಕು. ಹಾಗೆ ಕುಗ್ಗಿದಾಗ ನೋವು, ಜ್ವರ, ಬಾವು ಇರಲೇಬೇಕೆಂದಿಲ್ಲ.

ನಾಲ್ಕನೆಯ ವರ್ಷದ ಭಾದ್ರಪದದಲ್ಲಿ ನಡೆದದ್ದು ಇದೇ. ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಭರದಿಂದ ಸಾಗಿತ್ತು. ಕಾಗದದಲ್ಲಿ ಕ್ರಿಯಾಟಿನಿನ್ 1.3 ಎಂದಿತ್ತು, ಪಕ್ಕದಲ್ಲಿ ಅಚ್ಚಾಗಿದ್ದ ಮಿತಿಯೂ 1.3. ಎಚ್ಚರಿಕೆಯ ಗುರುತೇನೂ ಇರಲಿಲ್ಲ. ಅಕ್ಕ ಮಾತ್ರ ವಹಿಯ ಹಿಂದಿನ ಪುಟ ತಿರುವಿದಳು.

“ಹೋದ ಸಲ 0.9 ಇತ್ತಲ್ಲೋ ತಮ್ಮಾ, ಈಗ್ಯಾಕ 1.3 ಆಗೇದ?”

“ನನಗೇನೂ ಆಗಿಲ್ಲಕ್ಕಾ. ಹೊಲದಾಗ ಕೆಲಸ ನಡದದ, ಮುಂದಿನ ತಿಂಗಳು ಹೋದರಾಯ್ತು.”

ಅಕ್ಕ ಒಪ್ಪಲಿಲ್ಲ. ನಮ್ಮ ಭಾಗಕ್ಕೆ ರಾಜೋಳಿಬಂಡೆಯ ತಿರುವು ಕಾಲುವೆಯ ನೀರು ಬರುತ್ತದೆ. ತುಂಗಭದ್ರೆಗೆ ಕಟ್ಟಿದ ಆಣೆಕಟ್ಟು ರಾಯಚೂರು ಜಿಲ್ಲೆಯಲ್ಲಿದೆ. ಕಾಲುವೆ 40 ಕಿ.ಮೀ.ಗೂ ಹೆಚ್ಚು ದೂರ ಕರ್ನಾಟಕದಲ್ಲಿ ಹರಿದು ಇತ್ತ ಬರುತ್ತದೆ. ಕಾಲುವೆಯಲ್ಲಿ ನೀರಿದೆಯೆಂದು ಈ ಕಡೆಯ ರೈತ ಸುಮ್ಮನಿರುವುದಿಲ್ಲ; ನಿನ್ನೆಯ ಮಟ್ಟಕ್ಕೂ ಇಂದಿನ ಮಟ್ಟಕ್ಕೂ ಹೋಲಿಸಿ ನೋಡುತ್ತಾನೆ. ಅಕ್ಕ ಮಾಡಿದ್ದೂ ಅದನ್ನೇ.

ಮರುದಿನವೇ ಸುಮಾರು 200 ಕಿ.ಮೀ. ದೂರದ ಹೈದರಾಬಾದಿಗೆ ಹೊರಟೆವು. ವೈದ್ಯರು ವಹಿಯನ್ನು ನೋಡಿ, ಮತ್ತೊಮ್ಮೆ ರಕ್ತ ಪರೀಕ್ಷಿಸಿ, ಬಯಾಪ್ಸಿ ಮಾಡಿಸಿದರು. ದೇಹ ಅಂಗವನ್ನು ತಿರಸ್ಕರಿಸಲು ಆಗತಾನೆ ತೊಡಗಿತ್ತು. ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು, ಗುಳಿಗೆಯ ಪ್ರಮಾಣವನ್ನು ಬದಲಿಸಿದರು. ಕೆಲವು ವಾರಗಳಲ್ಲಿ ಅಂಕಿ 1.0ಕ್ಕೆ ಇಳಿದು ನಿಂತಿತು. ತಮ್ಮ ಆ ವರ್ಷದ ಹತ್ತಿಯನ್ನು ತಾನೇ ನಿಂತು ಬಿಡಿಸಿದ.

ಅಚ್ಚಾದ ಮಿತಿ ಎಲ್ಲರಿಗೂ ಸಾಮಾನ್ಯವಾದದ್ದು. ರೋಗಿಯ ಸ್ವಂತ ಅಂಕಿ ಅವನಿಗೆ ಮಾತ್ರ ಸೇರಿದ್ದು. ಸಂಘದ ಬಂಧುಗಳ ಮನೆಯಲ್ಲಿ ಕಸಿ ಮಾಡಿಸಿಕೊಂಡವರಿದ್ದರೆ ಹಳೆಯ ಕಾಗದಗಳನ್ನು ಬಿಸಾಡದೆ, ದಿನಾಂಕದೊಡನೆ ಅಂಕಿಗಳನ್ನು ಸಾಲಾಗಿ ಬರೆದಿಡಿರಿ. ಅಂಕಿ ಏರಿದರೆ ವೈದ್ಯರಿಗೆ ಕೂಡಲೇ ತಿಳಿಸಿರಿ. ಔಷಧಿಯನ್ನು ನೀವಾಗಿಯೇ ಹೆಚ್ಚಿಸಬೇಡಿ, ನಿಲ್ಲಿಸಲೂಬೇಡಿ. ಅಂಗ ಕೊಟ್ಟವರನ್ನೂ ಮರೆಯಬಾರದು. ಒಂದೇ ಮೂತ್ರಪಿಂಡದಿಂದ ಬಾಳುವ ಅವರಿಗೂ ವರ್ಷಕ್ಕೊಮ್ಮೆ ತಪಾಸಣೆ ಅಗತ್ಯ. ನಮ್ಮ ವಹಿಯನ್ನು ಹಿಂದುಮುಂದು ಮಾಡಿ ತೆರೆದರೆ ಮೊದಲ ಪುಟದಲ್ಲಿ ಅಕ್ಕನ ಹೆಸರಿದೆ. ಅವಳ ಅಂಕಿಗಳನ್ನು ಬರೆಯುವ ಹೊಣೆ ತಮ್ಮನದು.