ಟ್ಯೂಬಿಂಗೆನ್ ನಗರದಲ್ಲಿ ಒಂದು ಬೇಸಗೆ
ಜರ್ಮನ್ ಭಾಷೆಯ ಹೊಸ ವಿದ್ಯಾರ್ಥಿಗಳಿಗಾಗಿ

ಪರಭಾಷೆಯೊಂದನ್ನು ಕಲಿಯತೊಡಗಿದವರಿಗೆ ನಾಲ್ಕು ವಾಕ್ಯಗಳು ನಾಲಗೆಗೆ ಒಗ್ಗುತ್ತಲೇ ಆ ಭಾಷೆಯ ದೇಶವನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಹುಟ್ಟುವುದು ಸಹಜ. ನಮ್ಮ ನಾಡಿನಲ್ಲಿ ಇಂದು ಜರ್ಮನ್ ಕಲಿಯುವ ತರುಣ ತರುಣಿಯರು ಹಲವರಿದ್ದಾರೆ. ಅವರಲ್ಲೊಬ್ಬರು ಬೇಸಗೆಯ ಒಂದು ತಿಂಗಳನ್ನು ಜರ್ಮನಿಯಲ್ಲಿ ಕಳೆಯುವ ಮಾತೆತ್ತಿದರೆ, ಹಣ ತೆರಬೇಕಾದ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಇಷ್ಟು ವೆಚ್ಚ ಮಾಡಿ ಹೋಗಿ ಬಂದರೆ ಭಾಷೆ ಬಂದೀತೇ?" ಪ್ರಶ್ನೆಯು ನ್ಯಾಯವಾದುದೇ. ಅದರ ಉತ್ತರವು ವಿದ್ಯಾರ್ಥಿಯ ಬುದ್ಧಿಶಕ್ತಿಗಿಂತ ಹೆಚ್ಚಾಗಿ, ಆರಿಸಿಕೊಂಡ ಊರನ್ನೂ ಅಲ್ಲಿಯ ದಿನಚರಿಯನ್ನೂ ಅವಲಂಬಿಸಿರುತ್ತದೆ.

ಹತ್ತು ದಿನಗಳಲ್ಲಿ ಬರ್ಲಿನ್, ಮ್ಯೂನಿಕ್, ಹ್ಯಾಂಬರ್ಗ್ ಎಂದು ಸುತ್ತುವವರು ಕಟ್ಟಡಗಳನ್ನು ನೋಡಿಯಾರು. ಭಾಷೆಯನ್ನು ಕೇಳುವುದು ಅಪರೂಪ. ಅಲ್ಲಿಯ ಹೋಟೆಲುಗಳಲ್ಲಿಯೂ ಅಂಗಡಿಗಳಲ್ಲಿಯೂ ಹೊಸಬನು ಜರ್ಮನಿನಲ್ಲಿ ತಡವರಿಸಿದೊಡನೆ ಎದುರಿನವರು ಉಪಕಾರಬುದ್ಧಿಯಿಂದಲೇ ಇಂಗ್ಲಿಷಿಗೆ ತಿರುಗುವರು. ಭಾಷೆಗಾಗಿ ಹೋದವರಿಗೆ ಇದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಆದುದರಿಂದ ಒಂದೇ ಚಿಕ್ಕ ಊರನ್ನು ಆರಿಸಿಕೊಂಡು ಅಲ್ಲಿಯೇ ನೆಲಸುವುದು ಲೇಸು.

ಅಂತಹ ಊರುಗಳಲ್ಲಿ ಟ್ಯೂಬಿಂಗೆನ್ ಒಂದು. ಸ್ಟುಟ್‌ಗಾರ್ಟ್ ನಗರದಿಂದ ರೈಲಿನಲ್ಲಿ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ಹಾದಿ. ನೆಕ್ಕರ್ ನದಿಯ ದಡದಲ್ಲಿ ಹಳೆಯ ಮರಗಟ್ಟಿನ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಎರಡನೆಯ ಮಹಾಯುದ್ಧದಲ್ಲಿ ಈ ಹಳೆಯ ಪೇಟೆಯು ಬಹುಮಟ್ಟಿಗೆ ಹಾನಿಯಿಲ್ಲದೆ ಉಳಿಯಿತು. ಇಲ್ಲಿಯ ವಿಶ್ವವಿದ್ಯಾನಿಲಯವು ೧೪೭೭ರಲ್ಲಿ ಸ್ಥಾಪಿತವಾದುದು. ಗ್ರಹಗಳ ಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ಇಲ್ಲಿಯೇ ಓದಿದನು. ನದಿಯ ಅಂಚಿನ ಹಳದಿ ಗೋಪುರದಲ್ಲಿ ಹೋಲ್ಡರ್ಲಿನ್ ಕವಿಯು ೧೮೦೭ರಿಂದ ೧೮೪೩ರವರೆಗೆ, ಮನಸ್ಸಿನ ಅಸ್ವಸ್ಥತೆಯ ನಡುವೆ, ತನ್ನ ಬಾಳಿನ ಕೊನೆಯ ಮೂವತ್ತಾರು ವರ್ಷಗಳನ್ನು ಕಳೆದನು.

ಕನ್ನಡಿಗರಿಗೆ ಈ ಊರು ಇನ್ನೊಂದು ಕಾರಣದಿಂದ ಆಪ್ತವಾದುದು. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವೆಂಬ ನಮ್ಮ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಇಲ್ಲಿಯ ವಿದ್ಯಾರ್ಥಿ. ೧೮೫೩ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲ್ಲರು ಕನ್ನಡವನ್ನು ಅಕ್ಷರದಿಂದ ಕಲಿತು, ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಅಚ್ಚು ಮಾಡಿಸಿದರು. ಅವರಿಗೆ ೧೮೯೬ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತುದು ಇದೇ ವಿಶ್ವವಿದ್ಯಾನಿಲಯ. ಅವರು ೧೯೦೩ರಲ್ಲಿ ಕಣ್ಣು ಮುಚ್ಚಿದುದೂ ಇದೇ ಊರಿನಲ್ಲಿ. ನಮ್ಮ ಭಾಷೆಗಾಗಿ ಜರ್ಮನರು ಸವೆಸಿದ ದಾರಿಯನ್ನು ಅವರ ಭಾಷೆಗಾಗಿ ನಾವು ಹಿಮ್ಮುಖವಾಗಿ ನಡೆಯುವುದು ಉಚಿತವೇ ಆಗಿದೆ.

ಇನ್ನು ಸಿದ್ಧತೆಯ ವಿಚಾರ. ನಮ್ಮ ಬೇಸಗೆಯು ಅವರ ಬೇಸಗೆಯಲ್ಲವೆಂಬುದನ್ನು ಮೊದಲು ತಿಳಿಯಬೇಕು. ಏಪ್ರಿಲಿನಲ್ಲಿ ಅಲ್ಲಿ ಇನ್ನೂ ಚಳಿ ಬಿಟ್ಟಿರುವುದಿಲ್ಲ. ಜೂನಿನಿಂದ ಆಗಸ್ಟಿನವರೆಗೆ ಮಾತ್ರ ನಿಜವಾದ ಬೇಸಗೆ. ಜೂನಿನಲ್ಲಿ ರಾತ್ರಿ ಒಂಬತ್ತು ಗಂಟೆಯ ಮೇಲೂ ಬೆಳಕಿರುವುದುಂಟು. ವಿಶ್ವವಿದ್ಯಾನಿಲಯಗಳಲ್ಲಿ ಜುಲೈ ಕೊನೆಯ ಹೊತ್ತಿಗೆ ಪಾಠಗಳು ಮುಗಿಯುವುದರಿಂದ, ಆಗಸ್ಟಿನಲ್ಲಿ ಹಲವೆಡೆ ಪರದೇಶೀಯರಿಗಾಗಿ ಭಾಷಾವರ್ಗಗಳು ನಡೆಯುತ್ತವೆ. ಮೂರು ತಿಂಗಳೊಳಗಿನ ವಾಸಕ್ಕೆ ಷೆಂಗೆನ್ ವೀಸಾ ಬೇಕು. ಅದಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಸಲ್ಲಿಸಬಹುದು. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆಯು ಕಡ್ಡಾಯ. ಊರಿನ ಬಸ್ಸು ಮತ್ತು ಸಾಧಾರಣ ರೈಲುಗಳಲ್ಲಿ ಓಡಾಡಲು ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಚೀಟಿಯುಂಟು. ೨೦೨೩ರ ಮೇ ತಿಂಗಳಲ್ಲಿ ಆರಂಭವಾದಾಗ ಅದರ ಬೆಲೆ ೪೯ ಯೂರೋ, ಅನಂತರ ಏರಿದೆ. ವೇಗದ ದೂರದ ರೈಲುಗಳಲ್ಲಿ ಇದು ನಡೆಯದು. ಬೇಡವೆಂದು ತಿಳಿಸದಿದ್ದರೆ ತಿಂಗಳು ತಿಂಗಳೂ ಹಣ ಮುರಿದುಕೊಳ್ಳುವರೆಂಬುದನ್ನು ಮರೆಯಬಾರದು.

ಭಾಷೆಯ ಸಿದ್ಧತೆಯು ಇದಕ್ಕಿಂತ ಮುಖ್ಯವಾದುದು. ಯೂರೋಪಿನವರು ಭಾಷಾಜ್ಞಾನವನ್ನು ಆರು ಮೆಟ್ಟಿಲುಗಳಾಗಿ ಎಣಿಸುವರು. ಮೊದಲನೆಯದಾದ ಎ-೧ ಮೆಟ್ಟಿಲನ್ನಾದರೂ ಊರಿನಲ್ಲಿಯೇ ಏರಿ ಹೊರಡಬೇಕು. ಈ ವಿಷಯದಲ್ಲಿ ಕನ್ನಡಿಗರಿಗೆ ಕೆಲವು ಅನುಕೂಲಗಳಿವೆ. ನೀನು, ನೀವು ಎಂಬ ಭೇದವು ನಮಗೆ ಹುಟ್ಟಿನಿಂದ ಬಂದುದು. 'ಡು', 'ಝೀ' ಎಂಬ ಅವರ ಭೇದವನ್ನು ಯಾರೂ ನಮಗೆ ವಿವರಿಸಬೇಕಾಗಿಲ್ಲ. ವಿಭಕ್ತಿಗಳೂ ನಮಗೆ ಹೊಸವಲ್ಲ. 'ಏಕೆಂದರೆ' ಎಂಬರ್ಥದ 'ವೈಲ್' ಬಂದೊಡನೆ ಅವರ ಕ್ರಿಯಾಪದವು ನಮ್ಮದರಂತೆಯೇ ವಾಕ್ಯದ ತುದಿಗೆ ಹೋಗಿ ನಿಲ್ಲುತ್ತದೆ. ತೊಡಕು ಬರುವುದು ಲಿಂಗದಲ್ಲಿ: ಅವರಲ್ಲಿ ಚಮಚವು ಪುಲ್ಲಿಂಗ, ಮುಳ್ಳುಚಮಚವು ಸ್ತ್ರೀಲಿಂಗ, ಚಾಕುವು ನಪುಂಸಕಲಿಂಗ! ಕಾರಣ ಕೇಳದೆ ಬಾಯಿಪಾಠ ಮಾಡುವುದೊಂದೇ ಉಪಾಯ. ಗಡಿಯಾರದಲ್ಲಿಯೂ ಎಚ್ಚರ ಬೇಕು. 'ಹಾಲ್ಪ್ ಆಖ್ಟ್' ಎಂಬುದರ ಪದಶಃ ಅರ್ಥ 'ಅರ್ಧ ಎಂಟು'. ಅದನ್ನು ಎಂಟೂವರೆಯೆಂದು ಬಗೆದವರಿಗೆ ರೈಲು ತಪ್ಪುವುದು, ಏಕೆಂದರೆ ಅದು ಏಳೂವರೆ.

ಅಲ್ಲಿ ತಲುಪಿದ ಮೇಲೆ, ಸಾಧ್ಯವಾದರೆ ಹೋಟೆಲಿಗಿಂತ ಗೃಹಸ್ಥರ ಮನೆಯ ಕೊಠಡಿಯಲ್ಲಿ ಇಳಿದುಕೊಳ್ಳುವುದು ಮೇಲು. ಭಾಷಾಶಾಲೆಗಳು ಕೆಲವು ಇದನ್ನು ಗೊತ್ತುಮಾಡಿಕೊಡುತ್ತವೆ. ಬೆಳಗ್ಗೆ ಪಾಠ, ಸಂಜೆ ದಿನಕ್ಕೊಂದು ಕೆಲಸವನ್ನು ಜರ್ಮನಿನಲ್ಲಿಯೇ ಮುಗಿಸುವ ವ್ರತ. ಇಂದು ರೊಟ್ಟಿಯಂಗಡಿ, ನಾಳೆ ಅಂಚೆಮನೆ, ನಾಡಿದ್ದು ಸಂತೆಯಲ್ಲಿ ಹಣ್ಣಿನ ಬೆಲೆ. ಪುಸ್ತಕದಲ್ಲಿ 'ಬ್ರೋಟ್‌ಷೆನ್' ಎಂದು ಕಲಿತ ಪುಟ್ಟ ರೊಟ್ಟಿಯನ್ನು ಈ ಸೀಮೆಯವರು 'ವೆಕ್ಲೆ' ಎನ್ನುವರು. 'ಗೂಟೆನ್ ಟಾಕ್' ಎಂದು ವಂದಿಸಿದರೆ 'ಗ್ರ್ಯೂಸ್ ಗಾಟ್' ಎಂಬ ಮರುವಂದನೆ ಬರಬಹುದು. ಧಾರವಾಡದ ಮಾತಿಗೂ ಮೈಸೂರಿನ ಮಾತಿಗೂ ಇರುವ ಅಂತರವನ್ನು ಬಲ್ಲ ನಾವು ಇದಕ್ಕೆ ಧೃತಿಗೆಡಬೇಕಾಗಿಲ್ಲ. ಶಾಕಾಹಾರಿಗಳು 'ಓನೆ ಫ್ಲೈಶ್', ಎಂದರೆ 'ಮಾಂಸವಿಲ್ಲದೆ', ಎಂಬ ನುಡಿಯನ್ನು ಮೊದಲೇ ಕಲಿತಿರಬೇಕು. ಆ ಪ್ರಾಂತದ ಪ್ರಸಿದ್ಧವಾದ ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸಿಗೆ ಮೊಟ್ಟೆ ಸೇರುತ್ತದೆಂಬುದನ್ನೂ ಅರಿತಿರಬೇಕು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳುವುದು ಜಾಣತನ.

ಈಗ ಹಿರಿಯರ ಪ್ರಶ್ನೆಗೆ ಉತ್ತರ. ಒಂದು ತಿಂಗಳಿನಲ್ಲಿ ಜರ್ಮನ್ ಬರುವುದಿಲ್ಲ; ಬರುವುದೆಂದು ಹೇಳುವವರನ್ನು ನಂಬಲಾಗದು. ಆದರೆ ಅಪರಿಚಿತರ ಮುಂದೆ ಬಾಯಿ ತೆರೆಯುವ ಸಂಕೋಚವು ಆ ತಿಂಗಳಿನಲ್ಲಿ ಹೋಗಬಲ್ಲುದು, ಕಿವಿಯು ಆ ನುಡಿಯ ಓಟಕ್ಕೆ ಪಳಗಬಲ್ಲುದು. ಇವೆರಡನ್ನೂ ಪುಸ್ತಕವು ಕೊಡಲಾರದು. ಕಿಟ್ಟೆಲ್ಲರು ಕನ್ನಡಕ್ಕೆ ಬಂದಾಗಲೂ ಮೊದಲ ತಿಂಗಳಲ್ಲಿ ನಿಘಂಟು ಹುಟ್ಟಲಿಲ್ಲ. ಅದಕ್ಕೆ ನಾಲ್ಕು ದಶಕಗಳು ಹಿಡಿದವು. ಮಕ್ಕಳನ್ನು ಕಳುಹಿಸುವ ಹಿರಿಯರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಹಿಂದಿರುಗಿದವರನ್ನು "ಎಷ್ಟು ಊರು ನೋಡಿದೆ?" ಎಂದು ಕೇಳದೆ, "ಎಷ್ಟು ಜನರೊಡನೆ ಮಾತಾಡಿದೆ?" ಎಂದು ಕೇಳಿದರೆ ವೆಚ್ಚದ ಲೆಕ್ಕವು ಸರಿಯಾಗಿ ತಿಳಿದೀತು.