ಹೊರಡದ ಗಾಡಿ

'ಗಾಡಿ ಸ್ಟಾರ್ಟ್ ಆಗ್ತಿಲ್ಲ' ಎಂಬುದು 'ಮೈ ಸರಿಯಿಲ್ಲ' ಎಂಬ ಮಾತಿನಂತೆ. ಅಷ್ಟರಿಂದ ವೈದ್ಯನಿಗೆ ಏನೂ ತಿಳಿದಂತಾಗಲಿಲ್ಲ. ನಮ್ಮ ತಂದೆಯವರು ಸಕಲೇಶಪುರದ ಹೆದ್ದಾರಿಯ ಬದಿಯಲ್ಲಿ ಸಣ್ಣದೊಂದು ಗ್ಯಾರೇಜನ್ನು ಇಟ್ಟುಕೊಂಡು, ಈ ಮಾತನ್ನು ನಲವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಕೇಳಿದೊಡನೆ ಅವರು ಬಾನೆಟ್ಟು ಎತ್ತುವವರಲ್ಲ. 'ಸೆಲ್ಫ್ ತಿರುಗ್ತದಾ?' ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಗೆ ಉತ್ತರ ಬಂದರೆ ಅರ್ಧ ಗಾಡಿಯನ್ನು ಪಕ್ಕಕ್ಕಿಟ್ಟಂತೆ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಮೋಟಾರಿನ ವಿಷಯವೇಕೆಂದು ಕೆಲವರಿಗೆ ಅನ್ನಿಸಬಹುದು. ಕಾವ್ಯಮೀಮಾಂಸೆಯನ್ನು ಕುರಿತು ಬರೆಯಬಲ್ಲ ಮಿತ್ರರು ನಮ್ಮಲ್ಲಿ ಹಲವರಿದ್ದಾರೆ. ಪಾಯಿಂಟು ಕಂಡೆನ್ಸರುಗಳನ್ನು ಕುರಿತು ಬರೆಯುವವರು ಯಾರೂ ಕಾಣಲಿಲ್ಲ. ಆ ಧೈರ್ಯದಿಂದ ಮುಂದುವರಿಯುತ್ತೇನೆ.

ನಾನು ಹೇಳಹೊರಟಿರುವುದು ಹಳೆಯ ಪೆಟ್ರೋಲ್ ಅಂಬಾಸಡರನ್ನು ಕುರಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಗಾಡಿ 1950ರ ದಶಕದ ಕೊನೆಯಿಂದ 2014ರ ವರೆಗೆ ಕಾರ್ಖಾನೆಯಿಂದ ಹೊರಬಂತು. ಹೊಸ ಗಾಡಿಗಳಲ್ಲಿ ಕಿಡಿಯ ಕೆಲಸವನ್ನೆಲ್ಲ ಗಣಕಯಂತ್ರವೇ ನೋಡಿಕೊಳ್ಳುತ್ತದೆ. ಹಳೆಯದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ನಮ್ಮ ಸೀಮೆಯ ಕಾಫಿ ತೋಟಗಳ ಷೆಡ್ಡುಗಳಲ್ಲಿ ಇಂಥವು ಇನ್ನೂ ಕೆಲವು ಉಳಿದಿವೆ. ಮಳೆಗಾಲದ ನಾಲ್ಕು ತಿಂಗಳು ಸುಮ್ಮನೆ ನಿಂತಿದ್ದು, ಮದುವೆಯ ಕಾಲ ಬಂದೊಡನೆ ತಂದೆಯವರ ಬಳಿಗೆ ಹಗ್ಗ ಕಟ್ಟಿಸಿಕೊಂಡು ಬರುತ್ತವೆ.

ಸೆಲ್ಫ್ ತಿರುಗದಿದ್ದರೆ ಹೆಡ್‌ಲೈಟು ಹಾಕಿ ಸೆಲ್ಫ್ ಹೊಡೆಯುವುದು ಕ್ರಮ. ದೀಪ ಮಂಕಾಗಿ ಆರುವಂತಾದರೆ ಬ್ಯಾಟರಿ ಸೊರಗಿದೆ, ಇಲ್ಲವೆ ಅದರ ತುದಿಗಳಲ್ಲಿ ಬಿಳಿಹಸಿರು ಪುಡಿ ಕಟ್ಟಿದೆ, ಅದೂ ಅಲ್ಲವಾದರೆ ಸೆಲ್ಫೇ ಕಚ್ಚಿಕೊಂಡಿದೆ. ದೀಪ ಕುಂದದೆ ಉರಿಯುತ್ತಿದ್ದರೆ ಕರೆಂಟು ಸೆಲ್ಫನ್ನು ಮುಟ್ಟುತ್ತಲೇ ಇಲ್ಲ. ಇನ್ನೊಂದು ಸ್ವಾರಸ್ಯವಿದೆ. ಎಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಹೋದ ಕರೆಂಟು ಹಿಂತಿರುಗಲು ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ಹೆಣೆದ ತಂತಿಯ ಪಟ್ಟಿಯೊಂದಿರುತ್ತದೆ. ಅದು ಸಡಿಲವಾದರೆ ಕರೆಂಟು ಬೇರೆ ದಾರಿ ಹುಡುಕಿಕೊಂಡು ಚೋಕಿನ ತಂತಿಯಲ್ಲಿ ಹರಿಯುತ್ತದೆ. ಚೋಕಿನ ತಂತಿ ಬಿಸಿಯಾಗಿದೆಯೆಂದರೆ ತಂದೆಯವರು ಬ್ಯಾಟರಿಯ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಸೆಲ್ಫ್ ತಿರುಗಿಯೂ ಎಂಜಿನ್ನು ಹಿಡಿಯದಿದ್ದರೆ ಪ್ರಶ್ನೆ ಎರಡೇ: ಪೆಟ್ರೋಲು ಬರುತ್ತಿದೆಯೇ, ಕಿಡಿ ಬರುತ್ತಿದೆಯೇ? ಪ್ಲಗ್ಗನ್ನು ಬಿಚ್ಚಿ, ತಂತಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಚಟಚಟನೆ ಹಾರಬೇಕು. ಹಳದಿಯ ಸೋತ ಕಿಡಿ ಬಂದರೆ ನಂಬುವಂತಿಲ್ಲ.

ಈ ಕಿಡಿ ಹುಟ್ಟುವ ಬಗೆಯನ್ನು ಕಂಡಾಗ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಬ್ಯಾಟರಿಯಲ್ಲಿರುವುದು ಬರಿಯ 12 ವೋಲ್ಟು. ಪಾಯಿಂಟು ಮುಚ್ಚಿರುವಾಗ ಕಾಯಿಲಿನೊಳಗೆ ಕರೆಂಟು ಹರಿದು ಅಲ್ಲಿ ಅಯಸ್ಕಾಂತದ ಬಲ ತುಂಬುತ್ತದೆ. ಪಾಯಿಂಟು ತೆರೆದ ಕ್ಷಣದಲ್ಲಿ ಆ ಬಲ ಕುಸಿದು, ಕಾಯಿಲಿನ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ವೋಲ್ಟು ಎದ್ದು ನಿಲ್ಲುತ್ತದೆ. ಕಿಡಿ ಹುಟ್ಟುವುದು ಕೂಡಿದಾಗಲ್ಲ, ಅಗಲಿದಾಗ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ ನೂರು ಬಾರಿ ನಡೆಯುತ್ತದೆ. ಪಾಯಿಂಟು ತೆರೆಯುವ ಅಂತರ ಒಂದು ಇಂಚಿನ ಸಾವಿರದಲ್ಲಿ 15 ಪಾಲು. ಅದು ಮುಚ್ಚಿಹೋದರೆ ಗಾಡಿ ಕಬ್ಬಿಣದ ರಾಶಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ವ್ಯವಸ್ಥೆ 1910ರ ಕ್ಯಾಡಿಲಾಕ್ ಗಾಡಿಗೆ ಬಂತು. ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟವನ್ನು ತಪ್ಪಿಸಿದ ಸೆಲ್ಫೂ ಆತನದೇ. ಅದು ಬಂದುದು 1912ರ ಕ್ಯಾಡಿಲಾಕಿಗೆ.

ನಮ್ಮ ಮಲೆನಾಡಿನಲ್ಲಿ ಅರ್ಧದಷ್ಟು ರೋಗಗಳು ನೀರಿನಿಂದಲೇ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಥಂಡಿ ಕಟ್ಟಿದರೆ ಕಿಡಿ ಪ್ಲಗ್ಗಿನವರೆಗೂ ಹೋಗದೆ ಅಲ್ಲಲ್ಲೇ ಇಳಿದುಬಿಡುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಗಾಡಿ ಹೊರಟೀತು. ಆಷಾಢದಲ್ಲಿ ತಂದೆಯವರು ಇದಕ್ಕೆ ಕಾಸು ತೆಗೆದುಕೊಂಡುದನ್ನು ನಾನು ಕಂಡಿಲ್ಲ. ಇದರಿಂದ ನಮ್ಮ ತಾಯಿಯವರಿಗೆ ಆಗುವ ಬೇಸರ ಬೇರೆ ವಿಷಯ.

ಹೋದ ವರ್ಷ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮ ಅಂಬಾಸಡರನ್ನು ತಂದರು. ತಣ್ಣಗಿರುವಾಗ ಚೆನ್ನಾಗಿ ಹೊರಡುತ್ತದೆ. ಘಾಟಿ ಹತ್ತುವಾಗ ಉಸಿರು ಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಬೇರೆಡೆ ಪೆಟ್ರೋಲ್ ಪಂಪು, ಪ್ಲಗ್ಗು, ತಂತಿಗಳನ್ನೆಲ್ಲ ಬದಲಾಯಿಸಿ ಹಣ ಪಡೆದಿದ್ದರು. ತಂದೆಯವರು ಗ್ಯಾರೇಜಿನಲ್ಲಿ ಗಾಡಿಯನ್ನು ಮುಟ್ಟಲೇ ಇಲ್ಲ. ಹೊಸ ಕಾಯಿಲು, ಕಂಡೆನ್ಸರುಗಳನ್ನು ಚೀಲದಲ್ಲಿಟ್ಟುಕೊಂಡು, ನನ್ನನ್ನೂ ಕೂರಿಸಿಕೊಂಡು, ಮಾರನಹಳ್ಳಿಯ ಕಡೆಗೆ ಇಳಿದು ಮತ್ತೆ ಹತ್ತಿಸಿದರು. ದಾರಿಯಲ್ಲಿ ಗಾಡಿ ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟೆ. ರೋಗ ಮೈಮೇಲಿರುವಾಗಲೇ ನಾಡಿ ಹಿಡಿಯಬೇಕು. ತಣ್ಣಗಾದ ಮೇಲೆ ಎಲ್ಲ ಗಾಡಿಗಳೂ ಸಾಧುಗಳೇ.

ಪೆಟ್ರೋಲು ಬರುತ್ತಿತ್ತು. ಕಿಡಿ ಇರಲಿಲ್ಲ. ಪಾಯಿಂಟು ಚೊಕ್ಕಟವಾಗಿತ್ತು. ಕಂಡೆನ್ಸರು ಬದಲಾಯಿಸಿದರು, ಕಿಡಿಯಿಲ್ಲ. ಹಳೆಯ ಕಂಡೆನ್ಸರನ್ನೇ ಮತ್ತೆ ಕೂರಿಸಿ ಕಾಯಿಲನ್ನು ಬದಲಾಯಿಸಿದರು. ಎಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಮೇಷ್ಟರ ಮುಖ ಅರಳಿತು. ತಂದೆಯವರು ಎಂಜಿನ್ನನ್ನು ನಿಲ್ಲಿಸಿ, ಮುಟ್ಟಲಾಗದಷ್ಟು ಸುಡುತ್ತಿದ್ದ ಹಳೆಯ ಕಾಯಿಲನ್ನು ಬಟ್ಟೆಯಲ್ಲಿ ಹಿಡಿದು ಮತ್ತೆ ಜೋಡಿಸತೊಡಗಿದರು.

'ಸರಿಹೋಯ್ತಲ್ಲಪ್ಪ, ಮತ್ಯಾಕೆ ಹಳೇದನ್ನ ಹಾಕ್ತೀಯ?' ಎಂದರು ಮೇಷ್ಟರು.

'ಗಾಡಿ ಹೊರಟಿದ್ದು ಗೊತ್ತಾಯ್ತು ಮೇಷ್ಟ್ರೇ. ಕಾಯಿಲಿಂದ ಹೊರಡ್ತೋ, ಇಷ್ಟೊತ್ತಿಗೆ ತಣ್ಣಗಾಗಿ ಹೊರಡ್ತೋ, ಗೊತ್ತಾಗ್ಬೇಡ್ವಾ?'

ಹಳೆಯ ಕಾಯಿಲಿಗೆ ಎಂಜಿನ್ನು ಹಿಡಿಯಲಿಲ್ಲ. ಹೊಸದನ್ನು ಹಾಕಿದಾಗ ಮತ್ತೆ ಹಿಡಿಯಿತು. ಅಂದಿನಿಂದ ಆ ಗಾಡಿ ಘಾಟಿಯಲ್ಲಿ ನಿಂತಿಲ್ಲ.

ಮಿಕ್ಕೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನೇ ಬದಲಾಯಿಸಿ ಕಾರಣವನ್ನು ಹುಡುಕುವ ಈ ರೀತಿಗೆ ಜಾನ್ ಸ್ಟೂಅರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಒಂದು ಹೆಸರು ಕೊಟ್ಟಿದ್ದಾನೆ. ವ್ಯತಿರೇಕ ವಿಧಾನವೆಂದು ನಾವು ಅದನ್ನು ಕರೆಯಬಹುದು. ನಮ್ಮ ಗ್ರಂಥಭಂಡಾರದಲ್ಲಿ ಅದನ್ನು ಓದಿದ ದಿನ ಮನೆಗೆ ಹೋಗಿ ತಂದೆಯವರಿಗೆ ವಿವರಿಸಿದೆ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಅವರು ಗಮನವಿಟ್ಟು ಕೇಳಿ, 'ಅವನೂ ಗಾಡಿ ರಿಪೇರಿ ಮಾಡ್ತಿದ್ದನಾ?' ಎಂದರು. ಮಿಲ್ ಅದಕ್ಕಿಂತ ದೊಡ್ಡ ಪ್ರಶಂಸೆಯನ್ನು ಪಡೆದಿರಲಾರ.

ತಮ್ಮ ಕೆಲಸ ನನಗೆ ಬರಬಾರದೆಂದು ತಂದೆಯವರು ಪಟ್ಟ ಪ್ರಯಾಸ ಅಷ್ಟಿಷ್ಟಲ್ಲ. ಹುಡುಗನಾಗಿದ್ದಾಗ ನಾನು ಸ್ಪ್ಯಾನರು ಹಿಡಿದರೆ ಕಿತ್ತುಕೊಂಡು, 'ಈ ಮಸಿ ನನ್ನ ಕೈಗೇ ಮುಗೀಲಿ' ಎನ್ನುತ್ತಿದ್ದರು. ನಮ್ಮ ಮನೆತನದಲ್ಲಿ ಬಿ.ಎ. ವರೆಗೆ ಬಂದವನು ನಾನೊಬ್ಬನೇ. ಆದರೆ ಎರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿದೆ. ಫೀಲರ್ ಗೇಜಿನ ಅಲಗುಗಳ ಮೇಲಿನ ಅಂಕಿ ಅವರಿಗೆ ಕಾಣದು. ಸಂಜೆ ಕಾಲೇಜಿನಿಂದ ನೇರವಾಗಿ ಹೋಗಿ ನಾನು ಹದಿನೈದರ ಅಲಗನ್ನು ಆರಿಸಿಕೊಡುತ್ತೇನೆ. ಅವರು ಅದನ್ನು ಪಾಯಿಂಟಿನ ನಡುವೆ ಎಳೆದು, ಬೆರಳಿಗೆ ತಾಗುವ ಬಿಗಿಯಿಂದಲೇ ಸ್ಕ್ರೂ ತಿರುಗಿಸುತ್ತಾರೆ. ಆಮೇಲೆ ಮೊದಲ ಮಾತು, ನಾನು ಸೋಪು ಹಚ್ಚಿ ಕೈ ತೊಳೆದುಕೊಳ್ಳಬೇಕೆಂಬುದು.

ಅವರ ಬಳಿ ಕಲಿತ ಹುಡುಗರಿಬ್ಬರೂ ಕಂಪನಿಯ ಸರ್ವಿಸ್ ಸ್ಟೇಷನ್ನುಗಳಿಗೆ ಹೋದರು. ಅದರಲ್ಲಿ ತಪ್ಪೇನಿಲ್ಲ, ತಿಂಗಳ ಸಂಬಳ ಬರುತ್ತದೆ. ಗ್ಯಾರೇಜನ್ನು ಮುಚ್ಚುವ ಮಾತು ಮನೆಯಲ್ಲಿ ಎದ್ದಾಗ ನಾನು ಇನ್ನೂರು ಪುಟದ ನೋಟುಬುಕ್ಕೊಂದನ್ನು ಕೊಂಡೆ. 'ಇದರಲ್ಲಿ ಬರೆಯೋಕೆ ಏನಿದೆ?' ಎಂದು ನಕ್ಕವರು ಈಗ ರಾತ್ರಿ ಊಟವಾದ ಮೇಲೆ ತಾವಾಗಿಯೇ ಕರೆದು ಹೇಳುತ್ತಾರೆ. ಬರೆದುದನ್ನು ಓದಿಸಿ ತಿದ್ದುತ್ತಾರೆ. 'ಸುಮಾರು' ಎಂಬ ಶಬ್ದವನ್ನು ಅವರು ಒಪ್ಪುವುದಿಲ್ಲ.

ಬ್ಯಾಟರಿ, ಸೆಲ್ಫ್, ಕಾಯಿಲು, ಪಾಯಿಂಟುಗಳ ಭಾಗ ಮುಗಿದಿದೆ. ಕಾರ್ಬ್ಯುರೇಟರಿನ ಭಾಗ ಇನ್ನೂ ಆಗಿಲ್ಲ. ಪರೀಕ್ಷೆ ಮುಗಿಯಲಿ ಎಂದಿದ್ದಾರೆ. ಅಂಗಡಿಯ ಬಾಡಿಗೆ ಕರಾರು ಜೂನ್ ಕೊನೆಯವರೆಗೆ ಇದೆ.