ಹೆಸರಘಟ್ಟದ ದಾರಿಯಲ್ಲಿ ಒಂದು ಹೆಡ್‌ಫೋನಿನ ಕಥೆ!

ಬೆಂಗಳೂರು ಮೆಜೆಸ್ಟಿಕ್ ಬಸ್ ನಿಲ್ದಾಣ. ಬೆಳಿಗ್ಗೆ ಎಂಟು ಗಂಟೆ. ಅರಸೀಕೆರೆಯಿಂದ ಬಂದಿಳಿದ ಅಕ್ಕನ ಮಗ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಮೊಬೈಲು, ತಲೆ ತುಂಬ ಟಿ.ವಿ.!

“ಮಾಮಾ, ಹೀರೋ ಆಗೋ ಹುಚ್ಚು ನನಗಿಲ್ಲ. ಕ್ಯಾಮರಾ ಹಿಂದೆ ನಿಲ್ಲಬೇಕು. ಯಾವುದಾದ್ರೂ ಚಾನೆಲ್‌ನಲ್ಲಿ ಕೆಲಸ ಸಿಕ್ಕಿದ್ರೆ ಸಾಕು” ಅಂದ.

ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿತ್ತು. ಮೂರೇ ವಾರದಲ್ಲಿ ಟಿ.ವಿ. ಕ್ಯಾಮರಾಮನ್ ಮಾಡ್ತಾರಂತೆ! ಹುಡುಗನ ಕಣ್ಣು ಅದರ ಮೇಲೇ ಇತ್ತು. “ಫೋನ್ ನಂಬರ್ ಆಮೇಲೆ ಬರ್ಕೊಳ್ಳೋವಂತೆ. ಮೊದಲು ಒಂದು ಊರು ತೋರಿಸ್ತೀನಿ ಬಾ” ಅಂತ ಹೆಸರಘಟ್ಟದ ಬಸ್ ಹತ್ತಿಸಿದೆ.

ಯಶವಂತಪುರ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ... ತುಮಕೂರು ರಸ್ತೆ ಬಿಟ್ಟು ಬಸ್ ಬಲಕ್ಕೆ ತಿರುಗಿತು. ದಾರಿಯುದ್ದಕ್ಕೂ ನಮ್ಮ ಹುಡುಗನಿಗೆ ಹಳೇ ಕಥೆ ಹೇಳಿದೆ. ನಿಮಗೂ ಹೇಳ್ತೀನಿ ಕೇಳಿ, ಗೆಳೆಯರೇ.

ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಇದೆಯಲ್ಲ, ಅಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸಲು ಶುರು ಮಾಡಿದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅಂದರೆ ನಮ್ಮವರೇ ಮುಂದೆ, ಸ್ವಾಮಿ! ಹಾಗೆ ಕಲಿತು ಹೊರಬಂದವರಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಒಬ್ಬರು. 1959ರ ‘ಕಾಗಜ್ ಕೆ ಫೂಲ್’ ನೋಡಿದ್ದೀರಾ? ಸ್ಟುಡಿಯೋದ ಕತ್ತಲೆಯೊಳಗೆ ಕಂಬದ ಹಾಗೆ ಇಳಿದು ಬರುವ ಆ ಬೆಳಕು! ದೊಡ್ಡ ದೊಡ್ಡ ಲೈಟು ಸಾಲದಾದಾಗ ಮೂರ್ತಿಯವರು ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದರು. ದುಡ್ಡಿನ ಆಟವಲ್ಲ, ಬುದ್ಧಿಯ ಆಟ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ನಮ್ಮ ಕನ್ನಡಿಗ!

“ಅದು ಸಿನಿಮಾ ಮಾಮಾ. ನನಗೆ ಬೇಕಿರೋದು ಟಿ.ವಿ.” ಅಂತ ಹುಡುಗ ಅಡ್ಡಬಾಯಿ ಹಾಕಿದ.

ಅಲ್ಲೇ ಇರೋದು ಸ್ವಾರಸ್ಯ. 1988ರಲ್ಲಿ ದೂರದರ್ಶನದಲ್ಲಿ ಬಂದ ‘ಭಾರತ್ ಏಕ್ ಖೋಜ್’ ಧಾರಾವಾಹಿಗೆ ಕ್ಯಾಮರಾ ಹಿಡಿದವರೂ ಇದೇ ಮೂರ್ತಿ. ಅದೇ ವರ್ಷ ‘ತಮಸ್’ ಧಾರಾವಾಹಿ ಮಾಡಿದ ಗೋವಿಂದ ನಿಹಲಾನಿ ಕೂಡ ಅದೇ ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಕಲಿತು, ಮೂರ್ತಿಯವರ ಕೈಕೆಳಗೆ ಪಳಗಿದವರು. ಪರದೆ ದೊಡ್ಡದೋ ಚಿಕ್ಕದೋ, ಕೈ ಪಳಗಿದ್ದರೆ ಎರಡಕ್ಕೂ ಆಯಿತು.

ಆ ವಿಭಾಗವೇ ಆಮೇಲೆ ಬೇರೆಯಾಗಿ ಹೆಸರಘಟ್ಟಕ್ಕೆ ಬಂತು. ಈಗ ಅದು ಸರ್ಕಾರಿ ಫಿಲಂ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್. ಎಸ್.ಎಸ್.ಎಲ್.ಸಿ. ಆದವರಿಗೆ ಮೂರು ವರ್ಷದ ಡಿಪ್ಲೊಮಾ. ಛಾಯಾಗ್ರಹಣ ಒಂದು, ಧ್ವನಿಗ್ರಹಣ ಒಂದು. ಗೇಟಿನ ಮುಂದೆ ನಿಂತ ಹುಡುಗ ಬೆರಳು ಮಡಿಚಿ ಲೆಕ್ಕ ಹಾಕಿದ. “ಮೂರು ವರ್ಷಾನಾ? ಅಷ್ಟು ಕಲಿಯೋಕೆ ಏನಿದೆ ಮಾಮಾ? ಈಗ ಎಲ್ಲಾ ಮೊಬೈಲಲ್ಲೇ ಆಗುತ್ತೆ!”

ನಾನು ಮಾತಾಡಲಿಲ್ಲ. ಸೀದಾ ಕೆರೆ ಏರಿಯ ಮೇಲೆ ಕರ್ಕೊಂಡು ಹೋದೆ.

ಹೆಸರಘಟ್ಟದ ಕೆರೆ ಅಂದರೆ ಸಾಮಾನ್ಯ ಕೆರೆಯಲ್ಲ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿ, ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆ. ಏರಿಯ ಮೇಲೆ ಗಾಳಿ ಅಂದ್ರೆ ಗಾಳಿ. ಹತ್ತು ಹೆಜ್ಜೆ ದೂರ ಹೋಗಿ ನಿಂತು ಹೇಳಿದೆ: “ನಾನು ಮಾತಾಡ್ತೀನಿ, ನಿನ್ನ ಮೊಬೈಲಲ್ಲಿ ಹಿಡಿ!”

ಹಿಡಿದ. ಹಾಕಿ ನೋಡಿದೆವು. ಚಿತ್ರವೇನೋ ಚೆನ್ನಾಗಿತ್ತು. ಮಾತು? ಬರೀ ಭೊರ್ರ್ ಅನ್ನೋ ಗಾಳಿ! ನನ್ನ ಬಾಯಿ ಆಡುತ್ತಿತ್ತು, ಅಷ್ಟೆ. ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ಯಾಕೆ ಅಂತೀರಾ? ತೊಂಬತ್ತರ ದಶಕದ ಮಾತು. ನಾನೂ ಇವನ ಹಾಗೇ ಅರೆಬರೆ ಕಲಿತು ಕ್ಯಾಮರಾ ಹೊತ್ತು ಓಡಾಡುತ್ತಿದ್ದೆ. ಕಂಪನಿ ನಾಟಕದ ಹಿರಿಯ ನಟರೊಬ್ಬರ ಮನೆಗೆ ಸಂದರ್ಶನಕ್ಕೆ ಹೋಗಿದ್ದೆ. ವಯಸ್ಸು ಎಂಬತ್ತು ದಾಟಿತ್ತು. ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದವರು ಹುರುಪು ಬಂದು ಎದ್ದು ನಿಂತು, ಹಳೇ ಪಾರ್ಟಿನ ಮಾತು ಹೇಳಿ, ಹಾಡನ್ನೂ ಹಾಡಿಬಿಟ್ಟರು. ಮನೆಮಂದಿಯೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ಫ್ರೇಮ್ ನೋಡಿಕೊಂಡು ಹಿಗ್ಗುತ್ತಿದ್ದೆ. ಹೆಡ್‌ಫೋನ್? ಕೊರಳಲ್ಲಿ ನೇತಾಡುತ್ತಿತ್ತು, ಸ್ಟೈಲಿಗೆ!

ವಾಪಸ್ ಬಂದು ಟೇಪ್ ಹಾಕಿದರೆ ಮಾತೇ ಇಲ್ಲ. ಮೈಕಿನ ಸ್ವಿಚ್ಚನ್ನೇ ಹಾಕಿರಲಿಲ್ಲ ನಾನು. ‘ಮುಂದಿನ ವಾರ ಮತ್ತೆ ಹೋದರಾಯ್ತು’ ಅಂದುಕೊಂಡೆ. ಆ ಮುಂದಿನ ವಾರ ಬರುವುದರೊಳಗೆ ಅವರು ತೀರಿಹೋದರು. ತಿಥಿ ಆದ ಮೇಲೆ ಅವರ ಮಗ ನನ್ನನ್ನು ಹುಡುಕಿಕೊಂಡು ಬಂದು ಕೇಳಿದ್ದು ಒಂದೇ ಮಾತು: “ಅಪ್ಪನ ಧ್ವನಿ ನಿಮ್ಮ ಹತ್ರ ಇದೆಯಲ್ಲ ಸಾರ್, ಒಂದು ಕಾಪಿ ಕೊಡ್ತೀರಾ?”

ಏನು ಕೊಡಲಿ?

ಹುಡುಗ ಮೊಬೈಲು ಜೇಬಿಗಿಟ್ಟ. ಏರಿಯ ಕಲ್ಲಿನ ಮೇಲೆ ಕೂತು ಅವನಿಗೆ ಒಂದೊಂದಾಗಿ ಹೇಳಿದೆ. ಹೆಡ್‌ಫೋನ್ ಇರೋದು ಕಿವಿಗೆ, ಕೊರಳಿಗಲ್ಲ. ಮೊದಲು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಹಾಕಿ ಕೇಳು. ಆಮೇಲೆ ಕೆಲಸ ಶುರು ಮಾಡು. ಮೈಕು ಬಾಯಿಗೆ ಹತ್ತಿರವಿರಲಿ, ಗಾಳಿಯಿದ್ದರೆ ಅದಕ್ಕೊಂದು ಕುಲಾವಿ ಹಾಕು. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಮೌನವನ್ನೇ ಅರ್ಧ ನಿಮಿಷ ಹಿಡಿದುಕೋ. ಸಂಕಲನಕಾರ ನಿನಗೆ ಕೈ ಮುಗಿಯುತ್ತಾನೆ. ಬಲ್ಬಿನ ಬೆಳಕು ಕೆಂಪು, ಸುಮಾರು 3200 ಕೆಲ್ವಿನ್. ಹಗಲಿನ ಬೆಳಕು ನೀಲಿ, ಸುಮಾರು 5600. ಜಾಗ ಬದಲಾದಾಗಲೆಲ್ಲ ಬಿಳಿ ಕಾಗದ ತೋರಿಸಿ ವೈಟ್ ಬ್ಯಾಲೆನ್ಸ್ ಮಾಡು. ನಮ್ಮ ಕರೆಂಟು 50 ಹರ್ಟ್ಸ್, ನಮ್ಮ ಟಿ.ವಿ. ಸೆಕೆಂಡಿಗೆ 25 ಫ್ರೇಮು. ಟ್ಯೂಬ್‌ಲೈಟಿನ ಕೆಳಗೆ ಶಟರ್ 1/50ಕ್ಕೆ ಇಡು, ಚಿತ್ರ ಮಿನುಗೋದಿಲ್ಲ.

“ಇನ್ನು ಸ್ಟುಡಿಯೋ ಸೇರಿದರೆ ಬೇರೆಯೇ ಪಾಠ” ಅಂದೆ. ಕಂಟ್ರೋಲ್ ರೂಮಿನಲ್ಲಿ ಕೂತವರು ನಾಲ್ಕು ಕ್ಯಾಮರಾದ ಚಿತ್ರ ನೋಡಿ ‘ಎರಡು ರೆಡಿ... ಎರಡು ತಗೋ’ ಅಂತಾರೆ. ಸ್ವಿಚರ್ ಹತ್ತಿರ ಕೂತವನು ಗುಂಡಿ ಒತ್ತುತ್ತಾನೆ. ಫ್ಲೋರ್ ಮ್ಯಾನೇಜರ್ ಬೆರಳು ಮಡಿಚಿ ಐದು, ನಾಲ್ಕು, ಮೂರು ತೋರಿಸುತ್ತಾನೆ. ನೇರ ಪ್ರಸಾರದಲ್ಲಿ ‘ಇನ್ನೊಂದು ಟೇಕ್’ ಅನ್ನೋ ಮಾತೇ ಇಲ್ಲ! ಒಬ್ಬ ತಪ್ಪಿದರೆ ಇಡೀ ನಾಡಿನ ಮುಂದೆ ಹತ್ತು ಜನರ ಮಾನ ಹೋಯ್ತು. ಇದನ್ನೆಲ್ಲ ಪುಸ್ತಕ ಓದಿ ತಿಳಿಯಬಹುದು, ಕೈಗೆ ಹತ್ತಬೇಕಾದರೆ ಮಾಡಿ ಮಾಡಿ, ಬೈಸಿಕೊಂಡು ಬೈಸಿಕೊಂಡೇ ಕಲಿಯಬೇಕು. ಇನ್‌ಸ್ಟಿಟ್ಯೂಟ್‌ನಲ್ಲಿ ತಪ್ಪು ಮಾಡಿದರೆ ಮೇಷ್ಟ್ರು ಬೈತಾರೆ, ಅಷ್ಟೇ. ಹೊರಗೆ ಮಾಡಿದರೆ ಯಾರದೋ ಅಪ್ಪನ ಧ್ವನಿ ಹೋಗುತ್ತೆ.

ಸಂಜೆ ಬಸ್ಸಿನಲ್ಲಿ ವಾಪಸ್ ಹೊರಟೆವು. ನಿಂತವರ ನೂಕುನುಗ್ಗಲು, ಕಂಡಕ್ಟರನ ಸೀಟಿ, ಡ್ರೈವರ್ ಪಕ್ಕದಲ್ಲಿ ರೇಡಿಯೋ. ಹುಡುಗ ಹಾಡು ಕೇಳಲು ಇಯರ್‌ಫೋನ್ ತೆಗೆದ. ಕಿವಿಗೆ ಹಾಕದೆ ಕೈಯಲ್ಲೇ ಹಿಡಿದು ಸುಮ್ಮನೆ ಕೂತ. ದಾಸರಹಳ್ಳಿ ದಾಟಿದ ಮೇಲೆ ಕೇಳಿದ:

“ಮಾಮಾ, ಈ ಗಲಾಟೇಲಿ ನಾವಿಬ್ರೂ ಮಾತಾಡೋದನ್ನ ಹಿಡೀಬೇಕು ಅಂದ್ರೆ ಮೈಕ್ ಎಲ್ಲಿಡ್ಬೇಕು?”

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಆ ಚೀಟಿಯ ಕಂಬ ಹಾಗೇ ಇತ್ತು. ನಮ್ಮ ಹುಡುಗ ಫೋನ್ ನಂಬರ್ ಬರ್ಕೊಳ್ಳಲಿಲ್ಲ!